ಹಳೇ ಹಿಂದಿ ಹಾಡು ತಯಾರಾಗುತ್ತಿದ್ದುದು ಹೇಗೆ? ಹೆಸರಿಲ್ಲದ ಅರೇಂಜರ್‌ಗಳ ಕೆಲಸ

ಹಳೇ ಹಿಂದಿ ಸಿನಿಮಾ ಹಾಡು ಅಂದ ಕೂಡಲೇ ನಮಗೆ ಮೂರು ಜನ ನೆನಪಾಗುತ್ತಾರೆ. ಹಾಡಿದವರು, ಸಂಗೀತ ಕೊಟ್ಟವರು, ಬರೆದವರು. ಲತಾ, ಶಂಕರ್-ಜೈಕಿಶನ್, ಶೈಲೇಂದ್ರ. ರಫಿ, ನೌಷಾದ್, ಶಕೀಲ್. ಹೀಗೆ ಮೂರು ಮೂರು ಹೆಸರು ಜೋಡಿಸಿ ಹೇಳುವುದು ನಮಗೆ ರೂಢಿ. ಆದರೆ 50 ಮತ್ತು 60ರ ದಶಕದ ಬಾಂಬೆಯ ಹಾಡುಗಳಲ್ಲಿ ನಾಲ್ಕನೆಯವರೊಬ್ಬರು ಇದ್ದರು. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ಪಿಟೀಲುಗಳು ಒಟ್ಟಿಗೆ ಎದ್ದು ಬರುತ್ತವಲ್ಲ, ಹಾಡು ಗುನುಗುವಾಗ ನಾವು ಬಿಡದೆ ‘ತರರಾ ರಾ’ ಅಂತ ಸೇರಿಸಿಕೊಳ್ಳುವ ಆ ತುಣುಕು, ಅದು ಬಹಳ ಸಲ ಅವರ ಕೈಯಿಂದ ಬಂದದ್ದು. ಅವರನ್ನು ಅರೇಂಜರ್ ಅನ್ನುತ್ತಿದ್ದರು. ಅವರ ಕೆಲಸ ಏನು ಅಂತ ತಿಳಿದುಕೊಂಡರೆ ಈ ಹಾಡುಗಳು ಯಾಕೆ ಹೀಗೆ ಕೇಳಿಸುತ್ತವೆ ಅನ್ನುವುದು ಅರ್ಥವಾಗುತ್ತದೆ.

ಮೊದಲು ಹಾಡಿನ ಕಟ್ಟಡ ನೋಡೋಣ. ನಮ್ಮ ಪಲ್ಲವಿಗೆ ಹಿಂದಿಯವರು ಮುಖ್ಡಾ ಅನ್ನುತ್ತಾರೆ, ಚರಣಕ್ಕೆ ಅಂತರಾ. ಶುರುವಿಗೆ ಒಂದು ವಾದ್ಯದ ತುಣುಕು, ಆಮೇಲೆ ಮುಖ್ಡಾ, ಆಮೇಲೆ ಮತ್ತೆ ವಾದ್ಯ, ಅಂತರಾ, ತಿರುಗಿ ಮುಖ್ಡಾ. ಹೀಗೆ ಎರಡೋ ಮೂರೋ ಸುತ್ತು. ಇಷ್ಟೂ ಮೂರೂಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಯಾಕೆಂದರೆ ಆಗಿನ ಹತ್ತು ಇಂಚಿನ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದೇ ಅಷ್ಟು. ಹಾಡು ಉದ್ದವಾದರೆ ಎರಡು ಮಗ್ಗುಲಿಗೂ ಹಂಚಿ ಭಾಗ 1, ಭಾಗ 2 ಅಂತ ಹಾಕುತ್ತಿದ್ದರು, ನಡುವೆ ಎದ್ದು ಹೋಗಿ ತಟ್ಟೆ ಮಗುಚಬೇಕು. ಎರಡು ಸಾಲುಗಳ ನಡುವೆ ವಾದ್ಯಕ್ಕೆ ಸಿಗುತ್ತಿದ್ದುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಏನಾದರೂ ಹೇಳಿ ಮುಗಿಸಬೇಕು. ಆ ತುಣುಕುಗಳು ಅಷ್ಟು ಬಿಗಿಯಾಗಿರುವುದಕ್ಕೆ ಈ ಇಕ್ಕಟ್ಟೂ ಒಂದು ಕಾರಣ.

ಇಲ್ಲಿಗೆ ಬರುವ ಮುಂಚೆ ಸಿನಿಮಾ ಹಾಡು ಬೇರೆಯೇ ಥರ ಇತ್ತು. 1931ರ ಮಾರ್ಚ್ 14ರಂದು ಬಾಂಬೆಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ತೆರೆ ಕಂಡಿತು. ಭಾರತದ ಮೊದಲ ಮಾತಿನ ಸಿನಿಮಾ. ಅದರಲ್ಲಿ ಏಳು ಹಾಡು. ಮರುವರ್ಷ ಬಂದ ‘ಇಂದ್ರಸಭಾ’ದಲ್ಲಿ 70ರ ಆಸುಪಾಸು! ಆಗ ಹಾಡುವುದೂ ನಟಿಸುವುದೂ ಚಿತ್ರೀಕರಿಸುವುದೂ ಎಲ್ಲ ಒಂದೇ ಹೊತ್ತಿಗೆ. ನಟನೇ ಹಾಡಬೇಕು. ಹಾರ್ಮೋನಿಯಂ, ತಬಲಾದವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂರಬೇಕು. ಇಂಥ ಕಡೆ ದೊಡ್ಡ ವಾದ್ಯಮೇಳ ಎಲ್ಲಿಂದ ಬರಬೇಕು ಹೇಳಿ.

1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್ ಕಂಪನಿ ದಾರಿ ಬದಲಿಸಿತು. ನಿತಿನ್ ಬೋಸ್ ನಿರ್ದೇಶನದ, ಆರ್.ಸಿ. ಬೋರಾಲ್ ಸಂಗೀತದ ‘ಧೂಪ್ ಛಾವ್’ ಸಿನಿಮಾದಲ್ಲಿ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ತುಟಿ ಆಡಿಸಿ ಚಿತ್ರೀಕರಿಸಿದರು. ಹಿನ್ನೆಲೆ ಗಾಯನ ಶುರುವಾದದ್ದು ಹೀಗೆ. ಇದರಿಂದ ನಟರಿಗೆ ಹಾಡು ಬರದಿದ್ದರೂ ನಡೆಯುತ್ತದೆ ಅಂತಾಯಿತು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ವಾದ್ಯದವರಿಗೂ ಬಿಡುಗಡೆ ಸಿಕ್ಕಿತು ಅನ್ನುವುದನ್ನು ನಾವು ಮರೆಯುತ್ತೇವೆ. ಹಾಡಿಗೆ ಬೇರೆ ಜಾಗ, ಬೇರೆ ಸಮಯ ಸಿಕ್ಕ ಮೇಲೆ ಇಪ್ಪತ್ತು ಪಿಟೀಲು ಬೇಕು ಅಂದರೆ ಇಪ್ಪತ್ತು ಕೂರಿಸಬಹುದು.

ಈಗ 50ರ ದಶಕದ ಬಾಂಬೆಗೆ ಬನ್ನಿ. ಹಾಡು ಹುಟ್ಟುವುದು ಸಂಗೀತ ನಿರ್ದೇಶಕರ ಸಿಟಿಂಗ್‌ನಲ್ಲಿ. ಒಂದು ಹಾರ್ಮೋನಿಯಂ, ಒಂದು ತಬಲಾ ಅಥವಾ ಢೋಲಕ್. ಸಿನಿಮಾ ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ. ಸಂಗೀತ ನಿರ್ದೇಶಕರು ಟ್ಯೂನ್ ಹಾಕುತ್ತಾರೆ, ಕವಿ ಅದಕ್ಕೆ ಮಾತು ಕೂರಿಸುತ್ತಾರೆ. ಕೆಲವೊಮ್ಮೆ ಮಾತು ಮೊದಲು, ಟ್ಯೂನ್ ಆಮೇಲೆ. ಇಷ್ಟಾದ ಮೇಲೆ ಕೈಯಲ್ಲಿರುವುದು ಏನು? ಒಂದು ಧಾಟಿ, ಒಂದು ತಾಳ, ಒಂದು ಪದ್ಯ. ನಾವು ಕೇಳುವ ಹಾಡು ಇನ್ನೂ ಆಗಿಲ್ಲ. ಶುರುವಿನ ತುಣುಕು ಯಾವುದು, ಯಾವ ವಾದ್ಯ ಎಲ್ಲಿ ಬರಬೇಕು, ಹಾಡುವವರು ಒಂದು ಸ್ವರದ ಮೇಲೆ ನಿಂತಾಗ ಹಿಂದೆ ಏನು ನಡೆಯಬೇಕು, ನಡುವಿನ ಸಂಗೀತ ಎಲ್ಲಿಂದ ಹೊರಟು ಅಂತರಾದ ಮೊದಲ ಸ್ವರಕ್ಕೆ ಹೇಗೆ ತಲುಪಬೇಕು, ಇದೆಲ್ಲವನ್ನೂ ತೀರ್ಮಾನಿಸಿ ಪ್ರತಿಯೊಬ್ಬ ವಾದಕನಿಗೂ ಕಾಗದದ ಮೇಲೆ ಬರೆದು ಕೊಡಬೇಕು. ಇದು ಅರೇಂಜರ್ ಕೆಲಸ.

ಸಂಗೀತ ನಿರ್ದೇಶಕರದ್ದು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಡುವಿನ ತುಣುಕನ್ನು ಅವರೇ ಹಾಡಿ ತೋರಿಸಿ ಬರೆಸುತ್ತಿದ್ದುದೂ ಉಂಟು, ಅರೇಂಜರ್‌ಗೆ ಪೂರ್ತಿ ಬಿಟ್ಟುಬಿಡುತ್ತಿದ್ದುದೂ ಉಂಟು. ಒಂದೊಂದು ಹಾಡಿನಲ್ಲಿ ಒಂದೊಂದು ಪಾಲು. ಯಾರದ್ದು ಎಷ್ಟು ಅಂತ ಈಗ ಬಿಡಿಸುವುದು ಕಷ್ಟ. ಹಾಗಂತ ಒಬ್ಬರ ಹೆಸರನ್ನು ಪೂರ್ತಿ ಬಿಟ್ಟುಬಿಡುವುದು ಸರಿಯಲ್ಲ, ಅಲ್ವಾ?

ಈ ಕೆಲಸ ಮಾಡಿದವರಲ್ಲಿ ಬಹಳ ಜನ ಗೋವಾದ ಕ್ರೈಸ್ತರು. ಅದಕ್ಕೆ ಒಂದು ಕಾರಣ ಇದೆ. ಗೋವಾ 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಊರೂರಿನ ಚರ್ಚಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದುವುದು, ಪಿಟೀಲು ನುಡಿಸುವುದು ಕಲಿಸುತ್ತಿದ್ದರು. ಐದು ಗೆರೆಯ ಮೇಲೆ ಬರೆದ ಸ್ವರವನ್ನು ನೋಡಿದ ಕೂಡಲೇ ನುಡಿಸುವ ಅಭ್ಯಾಸ ಅವರಿಗೆ ಚಿಕ್ಕಂದಿನಿಂದ. ನಮ್ಮ ಉಸ್ತಾದರು, ಪಂಡಿತರು ಕಿವಿಯಿಂದ ಕಲಿತವರು. ಒಬ್ಬೊಬ್ಬರೂ ದೊಡ್ಡ ಕಲಾವಿದರು. ಆದರೆ ಮೂವತ್ತು ಜನ ಒಂದೇ ಹೊತ್ತಿಗೆ, ಬೇರೆ ಬೇರೆ ಎಳೆಗಳನ್ನು, ಬೆಳಿಗ್ಗೆ ಬಂದು ಸಂಜೆಯೊಳಗೆ ತಪ್ಪಿಲ್ಲದೆ ನುಡಿಸಬೇಕು ಅಂದರೆ ಕಾಗದ ಬೇಕೇ ಬೇಕು. ಆ ಕಾಗದವನ್ನು ಬರೆಯುವ ಮತ್ತು ಓದುವ ಶಕ್ತಿ ಗೋವಾದವರ ಹತ್ತಿರ ಇತ್ತು. ಕೆಲಸ ಹುಡುಕಿ ಬಾಂಬೆಗೆ ಬಂದವರು ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದರು, ಹಗಲು ಸ್ಟುಡಿಯೋ. ಟ್ರಂಪೆಟ್ ವಾದಕ ಚಿಕ್ ಚಾಕಲೇಟ್ ಅಂಥವರಲ್ಲಿ ಒಬ್ಬರು. ಅವರ ನಿಜವಾದ ಹೆಸರು ಆಂಟೊನಿಯೊ ಕ್ಸೇವಿಯರ್ ವಾಜ್. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ಕೆಲಸ ಮಾಡಿದರು. 1951ರ ‘ಅಲ್ಬೇಲಾ’ದ ಹಾಡುಗಳಲ್ಲಿ ಆ ಹೋಟೆಲಿನ ರಾತ್ರಿಗಳ ಕುಣಿತ ಹಾಗೇ ಬಂದು ಕೂತಿದೆ.

ಸೆಬಾಸ್ಟಿಯನ್ ಡಿಸೋಜಾ ಅವರ ಹೆಸರು ನೆನಪಿಡಿ. ದೇಶ ವಿಭಜನೆಗೆ ಮುಂಚೆ ಲಾಹೋರಿನ ಹೋಟೆಲಿನಲ್ಲಿ ಬ್ಯಾಂಡ್ ನಡೆಸುತ್ತಿದ್ದವರು, ಆಮೇಲೆ ಬಾಂಬೆಗೆ ಬಂದರು. 50ರ ದಶಕದ ಆರಂಭದಿಂದ ಎರಡು ದಶಕಕ್ಕೂ ಜಾಸ್ತಿ ಕಾಲ ಶಂಕರ್-ಜೈಕಿಶನ್ ಅವರ ಅರೇಂಜರ್ ಆಗಿದ್ದರು. ಶಂಕರ್-ಜೈಕಿಶನ್ ಹಾಡು ಅಂದ ಕೂಡಲೇ ಕಿವಿಯಲ್ಲಿ ತುಂಬುವ ಪಿಟೀಲುಗಳ ಸಾಲು ಇದೆಯಲ್ಲ, ಅದರ ಹಿಂದೆ ಅವರ ಕೈ ಇದೆ. ಲತಾ ಹಾಡುತ್ತಿರುವಾಗ ಹಿಂದೆ ಪಿಟೀಲುಗಳು ಅದೇ ಧಾಟಿಯನ್ನು ನುಡಿಸುವುದಿಲ್ಲ. ಅವು ತಮ್ಮದೇ ಇನ್ನೊಂದು ಧಾಟಿ ಹಿಡಿದು ಮೆಲ್ಲಗೆ ಜೊತೆಗೆ ನಡೆಯುತ್ತವೆ. ಲತಾ ನಿಂತಾಗ ಅವು ಚಲಿಸುತ್ತವೆ, ಲತಾ ಹೊರಟಾಗ ಅವು ನಿಲ್ಲುತ್ತವೆ. ಇದಕ್ಕೆ ಸ್ಟುಡಿಯೋದವರು ಆಬ್ಲಿಗಾಟೊ ಅನ್ನುತ್ತಿದ್ದರು. ನನ್ನ ಮಟ್ಟಿಗೆ ಆ ಕಾಲದ ಹಾಡುಗಳ ಅತ್ಯಂತ ಸುಂದರ ಭಾಗ ಇದೇ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಅದಿಲ್ಲದೆ ಆ ಹಾಡನ್ನು ಕೇಳುವುದಕ್ಕೇ ಆಗುವುದಿಲ್ಲ.

ಇಲ್ಲಿ ಒಂದು ದೊಡ್ಡ ತೊಡಕಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅರೇಂಜರ್‌ಗಳ ಜಾಣ್ಮೆ ಇರುವುದೇ ಇಲ್ಲಿ. ನಮ್ಮ ಸಂಗೀತ, ಹಿಂದೂಸ್ತಾನಿ ಇರಲಿ ಕರ್ನಾಟಕ ಸಂಗೀತ ಇರಲಿ, ಒಂದೇ ಎಳೆಯ ಸಂಗೀತ. ಎಷ್ಟೇ ಜನ ನುಡಿಸಿದರೂ ಆ ಒಂದು ಎಳೆಯನ್ನೇ ಹಿಡಿಯುತ್ತಾರೆ, ಕೆಳಗೆ ಶ್ರುತಿ ಇರುತ್ತದೆ, ಪಕ್ಕದಲ್ಲಿ ತಾಳ. ಪಾಶ್ಚಾತ್ಯ ಸಂಗೀತ ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. ಸ, ಗ, ಪ ಮೂರನ್ನೂ ಒಂದೇ ಸಲ ಒತ್ತಿ ನೋಡಿ, ಅದು ಕಾರ್ಡ್. ಈಗ ರಾಗದಲ್ಲಿರುವ ಹಾಡಿಗೆ ಇದನ್ನು ಹಾಕಿದರೆ ಏನಾಗುತ್ತದೆ? 1952ರ ‘ಬೈಜೂ ಬಾವ್ರಾ’ದ ‘ಮನ್ ತಡಪತ್ ಹರಿ ದರ್ಶನ್’ ತೆಗೆದುಕೊಳ್ಳಿ. ನೌಷಾದ್ ಸಂಗೀತ, ಶಕೀಲ್ ಬದಾಯೂನಿ ಬರೆದದ್ದು, ರಫಿ ಹಾಡಿದ್ದು. ರಾಗ ಮಾಲ್‌ಕೌಂಸ್, ಅಂದರೆ ನಮ್ಮ ಹಿಂದೋಳ. ಹಿಂದೋಳದಲ್ಲಿ ರಿ ಇಲ್ಲ, ಪ ಇಲ್ಲ. ಸ, ಗ, ಮ, ಧ, ನಿ ಐದೇ ಸ್ವರ. ಪಾಶ್ಚಾತ್ಯ ಅಭ್ಯಾಸದ ಹಾಗೆ ಸ ಸ್ವರದ ಮೇಲೆ ಕಾರ್ಡ್ ಕಟ್ಟಲು ಹೋದರೆ ಪ ಒಳಗೆ ಬಂದುಬಿಡುತ್ತದೆ. ಪ ಬಂತು ಅಂದರೆ ರಾಗ ಕೆಟ್ಟಿತು. ಕಿವಿ ಇರುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇಂಥ ಕಡೆ ಮಾಡಬಹುದಾದದ್ದು ಎರಡು. ಒಂದು, ರಾಗದೊಳಗಿನ ಸ್ವರಗಳಿಂದಲೇ ಕಾರ್ಡ್ ಕಟ್ಟುವುದು. ಹಿಂದೋಳದಲ್ಲಿ ಮ-ಧ-ಸ ಹಿಡಿದರೆ ಒಂದು ಕಾರ್ಡ್ ಆಗುತ್ತದೆ, ಧ-ಸ-ಗ ಹಿಡಿದರೆ ಇನ್ನೊಂದು. ಎರಡರಲ್ಲೂ ಹೊರಗಿನ ಸ್ವರ ಇಲ್ಲ. ಇನ್ನೊಂದು ದಾರಿ, ಕಾರ್ಡ್ ಸಹವಾಸವನ್ನೇ ಬಿಟ್ಟು ರಾಗದ ಸ್ವರಗಳಲ್ಲೇ ಎರಡನೇ ಧಾಟಿಯೊಂದನ್ನು ಹೆಣೆದು ಹಾಡಿನ ಪಕ್ಕ ನಡೆಸುವುದು. ಇದನ್ನು ಮಾಡಬೇಕಾದರೆ ಎರಡೂ ಸಂಗೀತ ಗೊತ್ತಿರಬೇಕು. ಚರ್ಚಿನಲ್ಲಿ ಬಾಖ್ ನುಡಿಸಿ ಬೆಳೆದವರು ರಾಗ ಕಲಿಯಬೇಕಾಯಿತು. ಆಂಟನಿ ಗೊನ್ಸಾಲ್ವಿಸ್ ಇದನ್ನು ಬಹಳ ಮನಸ್ಸಿಟ್ಟು ಮಾಡಿದರು. ಗೋವಾದ ಮಾಜೋರ್ಡಾ ಊರಿನವರು, 1927ರಲ್ಲಿ ಹುಟ್ಟಿದ್ದು, ಹದಿಹರೆಯದಲ್ಲೇ ಬಾಂಬೆಗೆ ಬಂದು ನೌಷಾದ್ ಅವರಂಥವರ ವಾದ್ಯಮೇಳದಲ್ಲಿ ಪಿಟೀಲು ಹಿಡಿದರು. ರಾಗಗಳನ್ನು ದೊಡ್ಡ ಪಾಶ್ಚಾತ್ಯ ವಾದ್ಯವೃಂದಕ್ಕೆ ಬರೆಯಬೇಕು ಅನ್ನುವುದು ಅವರ ಕನಸು. 1958ರಲ್ಲಿ ಸ್ವಂತವಾಗಿ ಒಂದು ಸಿಂಫನಿ ತಂಡ ಕಟ್ಟಿ ಬಾಂಬೆಯಲ್ಲಿ ಕಛೇರಿ ಮಾಡಿದರು. ಲತಾ ಮತ್ತು ಮನ್ನಾ ಡೇ ಅದರಲ್ಲಿ ಹಾಡಿದರು. ಮುಂದೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಅನ್ನುವ ಸಂಗೀತ ನಿರ್ದೇಶಕರ ಜೋಡಿಯಲ್ಲಿ ಒಬ್ಬರಾದ ಪ್ಯಾರೇಲಾಲ್ ಅವರಿಗೆ ಪಿಟೀಲು ಹೇಳಿಕೊಟ್ಟವರೂ ಇವರೇ. ಅದಕ್ಕೇ 1977ರ ‘ಅಮರ್ ಅಕ್ಬರ್ ಆಂಟನಿ’ಯಲ್ಲಿ ಅಮಿತಾಭ್ ಬಚ್ಚನ್ ಮೊಟ್ಟೆಯೊಳಗಿಂದ ಹೊರಬಂದು ಹಾಡುವ ಹಾಡಿನಲ್ಲಿ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಗುರುವಿನ ಹೆಸರನ್ನೇ ಇಟ್ಟರು. ಆ ಹೊತ್ತಿಗೆ ಗೊನ್ಸಾಲ್ವಿಸ್ ಸಿನಿಮಾ ಕೆಲಸ ಬಿಟ್ಟಾಗಿತ್ತು. ಅಮೆರಿಕಕ್ಕೆ ಹೋಗಿದ್ದವರು ತಿರುಗಿ ಬಂದು ಮಾಜೋರ್ಡಾದಲ್ಲಿ ಉಳಿದರು, 2012ರಲ್ಲಿ ತೀರಿಕೊಂಡರು. ಇಡೀ ದೇಶ ಅವರ ಹೆಸರನ್ನು ಹಾಡುತ್ತಿತ್ತು, ಆ ಹೆಸರಿನ ಮನುಷ್ಯ ಒಬ್ಬರು ಇದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಇನ್ನು ರೆಕಾರ್ಡಿಂಗ್. ಈಗಿನ ಹಾಗೆ ಒಬ್ಬೊಬ್ಬರೂ ಬೇರೆ ಬೇರೆ ದಿನ ಬಂದು ತಮ್ಮ ಪಾಲು ನುಡಿಸಿ ಹೋಗುವ ಹಾಗಿರಲಿಲ್ಲ. ತಾಡ್‌ದೇವ್‌ನ ಫೇಮಸ್ ಸ್ಟುಡಿಯೋ, ಬಾಂದ್ರಾದ ಮೆಹಬೂಬ್ ಸ್ಟುಡಿಯೋ, ಇಂಥ ಕಡೆ ಗಾಯಕರು, ಪಿಟೀಲು ಸಾಲು, ಕೊಳಲು, ಸಿತಾರ್, ತಬಲಾ, ಢೋಲಕ್, ಎಲ್ಲರೂ ಒಂದೇ ಹೊತ್ತಿಗೆ. ಮೈಕು ಕೆಲವೇ ಕೆಲವು. ಎಲ್ಲ ಸದ್ದೂ ಸೇರಿ ಒಂದೇ ಟ್ರ್ಯಾಕ್‌ಗೆ ಹೋಗುತ್ತದೆ. 50ರ ದಶಕದಲ್ಲಿ ಮ್ಯಾಗ್ನೆಟಿಕ್ ಟೇಪು ಬಳಕೆಗೆ ಬರುವ ತನಕ ಅದೂ ನೇರ ಫಿಲ್ಮಿನ ಮೇಲೆ, ಬೆಳಕಿನ ಗೆರೆಯಾಗಿ. ಲ್ಯಾಬಿನಲ್ಲಿ ತೊಳೆದು ಬರುವ ತನಕ ಸರಿಯಾಗಿ ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮೂರನೇ ನಿಮಿಷದಲ್ಲಿ ಒಬ್ಬ ಪಿಟೀಲಿನವನ ಬಿಲ್ಲು ಜಾರಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು.

ಫೇಮಸ್‌ನಲ್ಲಿ ರೆಕಾರ್ಡಿಸ್ಟ್ ಆಗಿದ್ದ ಮೀನೂ ಕಾತ್ರಕ್ ಅಂಥವರ ಕೈಚಳಕ ಇದ್ದದ್ದು ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದರಲ್ಲಿ. ಜೋರಾಗಿ ಕೇಳಬೇಕಾದವರು ಮೈಕಿಗೆ ಹತ್ತಿರ, ಮೆಲ್ಲಗೆ ಕೇಳಬೇಕಾದವರು ದೂರ. ಒಂಟಿಯಾಗಿ ನುಡಿಸುವ ಕೊಳಲಿನವರು ತಮ್ಮ ಸರದಿ ಬಂದಾಗ ಸದ್ದಾಗದಂತೆ ಮೈಕಿನ ಹತ್ತಿರ ಬಂದು ನುಡಿಸಿ ಹಿಂದೆ ಸರಿಯಬೇಕು. ಆಮೇಲೆ ಗುಂಡಿ ತಿರುಗಿಸಿ ಸರಿಪಡಿಸುವ ಮಾತೇ ಇಲ್ಲ. ಹಾಗಾಗಿ ಅರೇಂಜರ್ ಬರೆಯುವಾಗಲೇ ಜಾಗ ಬಿಡಬೇಕಿತ್ತು. ಹಾಡುವವರ ಧ್ವನಿ ಇರುವ ಕಡೆ ವಾದ್ಯ ತೆಳ್ಳಗೆ, ಧ್ವನಿ ನಿಂತ ಕೂಡಲೇ ವಾದ್ಯ ಉಕ್ಕಿ ಬರಬೇಕು. ಈ ಹಾಡುಗಳಲ್ಲಿ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ ಅಂತ ನಾವು ಮೆಚ್ಚುತ್ತೇವಲ್ಲ, ಅದರಲ್ಲಿ ಗಾಯಕರ ಉಚ್ಚಾರದಷ್ಟೇ ಪಾಲು ಈ ಜಾಗ ಬಿಡುವಿಕೆಗೂ ಇದೆ.

ಗಾಯಕರಿಗೂ ಮೈಕಿನ ವಿದ್ಯೆ ಬೇಕಿತ್ತು. ಹಾಡುತ್ತಾ ಎಲ್ಲಿ ಉಸಿರು ಎಳೆದರೆ ಮೈಕಿಗೆ ಕೇಳಿಸುವುದಿಲ್ಲ ಅನ್ನುವುದನ್ನು ತನಗೆ ಹೇಳಿಕೊಟ್ಟವರು ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ ಅಂತ ಲತಾ ಹೇಳುತ್ತಿದ್ದರು. 1949ರ ‘ಮಹಲ್’ ಸಿನಿಮಾದ ‘ಆಯೇಗಾ ಆನೇವಾಲಾ’ ಕೇಳಿ. ಖೇಮ್‌ಚಂದ್ ಪ್ರಕಾಶ್ ಸಂಗೀತ. ಶುರುವಿನಲ್ಲಿ ಧ್ವನಿ ಎಲ್ಲೋ ದೂರದಿಂದ ಬಂದು ನಿಧಾನವಾಗಿ ಹತ್ತಿರವಾಗುತ್ತದೆ. ಅದಕ್ಕೆ ಯಾವ ಯಂತ್ರವೂ ಇರಲಿಲ್ಲ. ಲತಾ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಕಡೆಗೆ ನಡೆದು ಬಂದರು. ಆ ದೂರ ನಿಜವಾದ ದೂರ. ಅದಕ್ಕೇ ಇವತ್ತಿಗೂ ಮೈ ಝುಮ್ ಅನ್ನುತ್ತದೆ.

ವಾದ್ಯಗಳ ವಿಷಯದಲ್ಲೂ ಇಂಥ ಧೈರ್ಯ ಇತ್ತು. 1954ರ ‘ನಾಗಿನ್’ನಲ್ಲಿ ಹಾವಾಡಿಗರ ಪುಂಗಿಯ ನಾದ ಕೇಳಿ ನಿಜವಾದ ಪುಂಗಿ ಅಂದುಕೊಂಡವರೇ ಜಾಸ್ತಿ. ಅದು ಕ್ಲಾವಿಯೋಲಿನ್ ಅನ್ನುವ ವಿದೇಶಿ ವಿದ್ಯುತ್ ವಾದ್ಯ, ನುಡಿಸಿದವರು ಮುಂದೆ ಕಲ್ಯಾಣ್‌ಜಿ-ಆನಂದ್‌ಜಿ ಜೋಡಿಯಾಗಿ ಹೆಸರಾದ ಕಲ್ಯಾಣ್‌ಜಿ. ಜೊತೆಗೆ ಹಾರ್ಮೋನಿಯಂ ಸೇರಿಸಿದವರು ರವಿ. 1969ರ ‘ಆರಾಧನಾ’ದ ‘ರೂಪ್ ತೇರಾ ಮಸ್ತಾನಾ’ದಲ್ಲಿ ಉಸಿರಾಡುವ ಹಾಗೆ ಬರುವ ಅಕಾರ್ಡಿಯನ್ ಕೇರ್ಸಿ ಲಾರ್ಡ್ ಅವರದ್ದು. ಪಾರ್ಸಿಯವರು, ತಂದೆ ಕಾವಸ್ ಲಾರ್ಡ್, ತಮ್ಮ ಬುರ್ಜೋರ್ ಲಾರ್ಡ್ ಎಲ್ಲರೂ ಇದೇ ಕೆಲಸದವರು. 1973ರ ‘ಯಾದೋಂ ಕೀ ಬಾರಾತ್’ನ ‘ಚುರಾ ಲಿಯಾ’ದಲ್ಲಿ ಆರ್.ಡಿ. ಬರ್ಮನ್ ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಸದ್ದು ಎಲ್ಲರಿಗೂ ಗೊತ್ತು. ಅವರ ಜೊತೆ ಇದ್ದ ಮೂವರು, ಬಾಸುದೇವ್ ಚಕ್ರವರ್ತಿ, ಸ್ಯಾಕ್ಸೊಫೋನ್ ವಾದಕ ಮನೋಹರಿ ಸಿಂಗ್, ತಬಲಾದ ಮಾರುತಿ ರಾವ್ ಕೀರ್, ಅಷ್ಟು ಜನಕ್ಕೆ ಗೊತ್ತಿಲ್ಲ. 1965ರ ‘ಗೈಡ್’ನ ‘ಮೋಸೆ ಛಲ್ ಕಿಯೇ ಜಾಯೇ’ಯಲ್ಲಿ ತಬಲಾ ನುಡಿಸಿದವರು ಸಂತೂರ್ ಮಾಂತ್ರಿಕ ಶಿವಕುಮಾರ್ ಶರ್ಮಾ ಅನ್ನುವುದಂತೂ ಕೇಳಿದಾಗ ನನಗೆ ನಂಬಲಾಗಲೇ ಇಲ್ಲ.

ಅರೇಂಜರ್ ಎಲ್ಲ ಕಡೆ ತುಂಬುವುದೂ ಅಲ್ಲ, ಎಲ್ಲಿ ಸುಮ್ಮನಿರಬೇಕು ಅನ್ನುವುದೂ ಗೊತ್ತಿರಬೇಕು. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ನಮ್ಮ ಕನ್ನಡಕ್ಕೂ ಸೇರಿದ್ದು. 1956ರ ‘ಬಸಂತ್ ಬಹಾರ್’ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ ಆಧರಿಸಿದ ಸಿನಿಮಾ. ಸಂಗೀತ ಅದೇ ಶಂಕರ್-ಜೈಕಿಶನ್. ಅದರ ‘ಕೇತಕಿ ಗುಲಾಬ್ ಜೂಹಿ’ ಹಾಡಿನಲ್ಲಿ ಇಬ್ಬರು ಗಾಯಕರ ಸ್ಪರ್ಧೆ. ಒಂದು ಧ್ವನಿ ಗದಗಿನ ಭೀಮಸೇನ ಜೋಶಿ ಅವರದ್ದು, ಇನ್ನೊಂದು ನಾಯಕನಿಗಾಗಿ ಮನ್ನಾ ಡೇ ಅವರದ್ದು. ಕಥೆಯ ಪ್ರಕಾರ ನಾಯಕ ಗೆಲ್ಲಬೇಕು. ಭೀಮಸೇನ ಜೋಶಿಯವರ ಎದುರು ಹಾಡಿ ಗೆಲ್ಲುವುದು ಅಂದರೆ ಏನು, ಮನ್ನಾ ಡೇ ಮೊದಲು ಹೆದರಿಬಿಟ್ಟರಂತೆ. ಆಮೇಲೆ ಕಷ್ಟಪಟ್ಟು ಅಭ್ಯಾಸ ಮಾಡಿ ಹಾಡಿದರು. ಪಿಟೀಲಿನ ಸಾಲುಗಳಿಗೆ ಹೆಸರಾದ ಅದೇ ಶಂಕರ್-ಜೈಕಿಶನ್ ಇಲ್ಲಿ ಅವುಗಳ ಅಬ್ಬರ ತರುವುದಿಲ್ಲ. ಎರಡು ಕಂಠಗಳಿಗೆ ದಾರಿ ಬಿಟ್ಟು ಮೇಳ ಹಿಂದೆ ಉಳಿಯುತ್ತದೆ.

ಹಾಗಾದರೆ ಇವರ ಹೆಸರೆಲ್ಲ ಯಾಕೆ ಬರಲಿಲ್ಲ? ಗಾಯಕರ ಹೆಸರೂ ಮೊದಲು ಬರುತ್ತಿರಲಿಲ್ಲ ಅನ್ನುವುದನ್ನು ನೆನಪಿಡಬೇಕು. ‘ಮಹಲ್’ ಹಾಡಿನ ತಟ್ಟೆಯ ಮೇಲೆ ಮೊದಲು ಅಚ್ಚಾಗಿದ್ದ ಹೆಸರು ಕಾಮಿನಿ. ಅದು ಸಿನಿಮಾದಲ್ಲಿ ಮಧುಬಾಲಾ ಮಾಡಿದ ಪಾತ್ರದ ಹೆಸರು! ರೇಡಿಯೋ ಕೇಳುಗರು ಹಾಡಿದವರು ಯಾರು ಅಂತ ಪತ್ರ ಬರೆದು ಕೇಳಿದ ಮೇಲೆ ಲತಾ ಹೆಸರು ಹೊರಗೆ ಬಂತು. ಮುಂದೆ ರೇಡಿಯೋದ ಬಲ ಇನ್ನೂ ಬೆಳೆಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾಗಿ ನಿಂತೇ ಹೋಯಿತು. ಜನ ರೇಡಿಯೋ ಸಿಲೋನ್ ಕಡೆ ತಿರುಗಿದರು. ಅದೇ ವರ್ಷದ ಕೊನೆಗೆ ಅಲ್ಲಿ ಅಮೀನ್ ಸಯಾನಿ ಅವರ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾಯಿತು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯದ್ದೇ ವಿವಿಧ ಭಾರತಿ ಬಂತು. ಹಾಡು ಹಾಕುವ ಮುಂಚೆ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು ಹೇಳುವುದು ರೂಢಿಯಾಯಿತು. ಕವಿಗಳ ಹೆಸರೂ ಹೇಳಬೇಕು ಅಂತ ಸಾಹಿರ್ ಲುಧಿಯಾನ್ವಿ ಪಟ್ಟು ಹಿಡಿದರು. ಹೀಗೆ ಮೂರು ಹೆಸರಿನ ಲೆಕ್ಕ ಗಟ್ಟಿಯಾಯಿತು. ಅರೇಂಜರ್ ಪರವಾಗಿ ಪಟ್ಟು ಹಿಡಿಯುವವರು ಯಾರೂ ಇರಲಿಲ್ಲ. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಸಹಾಯಕರು ಅಂತ ಒಮ್ಮೊಮ್ಮೆ ಹೆಸರು ಬರುತ್ತಿತ್ತು ಅಷ್ಟೇ. ವಾದಕರಿಗೆ ದಿನದ ಲೆಕ್ಕದಲ್ಲಿ ಸಂಬಳ. ಹಾಡು ಐವತ್ತು ವರ್ಷ ಓಡಿದರೂ ಅದರಿಂದ ಅವರಿಗೆ ಬಿಡಿಗಾಸು ಬರಲಿಲ್ಲ. ಅವರು ಕೈಯಲ್ಲಿ ಬರೆದ ಸ್ವರಲಿಪಿಯ ಹಾಳೆಗಳನ್ನು ಜೋಪಾನ ಮಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಬಹುಪಾಲು ಉಳಿದಿಲ್ಲ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

70ರ ದಶಕದಲ್ಲಿ ಸಿಂಥಸೈಜರ್ ಬಂತು, ವಿದ್ಯುತ್ತಿನಿಂದ ನಾನಾ ಥರದ ಸದ್ದು ಹೊರಡಿಸುವ ವಾದ್ಯ. ಅದನ್ನು ಬಾಂಬೆಯ ಸ್ಟುಡಿಯೋಗಳಿಗೆ ತಂದವರಲ್ಲಿ ಅದೇ ಕೇರ್ಸಿ ಲಾರ್ಡ್ ಮೊದಲಿಗರು. ಆಮೇಲೆ ಹಲವು ಟ್ರ್ಯಾಕುಗಳ ರೆಕಾರ್ಡಿಂಗ್, ಅದರ ಹಿಂದೆ ಕಂಪ್ಯೂಟರ್. ನೂರು ಜನ ಒಟ್ಟಿಗೆ ಕೂತು ನುಡಿಸುವ ಅಗತ್ಯ ಹೋಯಿತು. ವಾದಕರ ಹೆಸರು ಅಚ್ಚಾಗತೊಡಗಿದ್ದೂ ಅದೇ ಆಸುಪಾಸಿನ ಕಾಲದಲ್ಲಿ. 90ರ ದಶಕದಲ್ಲಿ ಎ.ಆರ್. ರೆಹಮಾನ್ ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಕೊಳಲು ಯಾರು, ಗಿಟಾರ್ ಯಾರು ಅಂತ ಹಾಕಿಸಿದರು. ಆದರೆ ಹಳೇ ಹಾಡುಗಳ ಲೆಕ್ಕ ಹಾಗೇ ಉಳಿದಿದೆ. ಇವತ್ತು ಫೋನಿನಲ್ಲಿ 1955ರ ಒಂದು ಹಾಡು ತೆರೆದರೆ ಕಾಣುವುದು ಅದೇ ಮೂರು ಹೆಸರು. ಆ ಹಾಡುಗಳ ಹಕ್ಕು ಇಟ್ಟುಕೊಂಡಿರುವ ಕಂಪನಿಗಳು ಒಂದು ಸಾಲು ಜಾಸ್ತಿ ಹಾಕಿದರೆ ಸಾಕು, ಖರ್ಚೇನೂ ಇಲ್ಲ. ಸೆಬಾಸ್ಟಿಯನ್ ಡಿಸೋಜಾ, ಆಂಟನಿ ಗೊನ್ಸಾಲ್ವಿಸ್, ಚಿಕ್ ಚಾಕಲೇಟ್, ಮನೋಹರಿ ಸಿಂಗ್, ಕೇರ್ಸಿ ಲಾರ್ಡ್ ಯಾವ ಯಾವ ಹಾಡಿನಲ್ಲಿ ಇದ್ದರು ಅಂತ ಹೇಳಬಲ್ಲ ಹಿರಿಯ ವಾದಕರು ಇನ್ನೂ ಕೆಲವರು ಉಳಿದಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.